ಮಂಗಳೂರಿನಿಂದ ದುಬೈಗೆ ಎಷ್ಟು ದೂರ, ಎಷ್ಟು ಹೊತ್ತು? ಲೆಕ್ಕ ಹಾಕುವುದು ಹೀಗೆ

ಮಂಜೇಶ್ವರದಿಂದ ಕಾಞಂಗಾಡಿನವರೆಗೆ ಗಲ್ಫ್ ನಂಟಿರುವ ಮನೆಗಳು ಜಾಸ್ತಿ. ಆದರೂ ಟಿಕೆಟ್ ನೋಡಿ 'ಹತ್ತಕ್ಕೆ ಹೊರಟು ಹನ್ನೆರಡೂಕಾಲಿಗೆ ದುಬೈ, ಎರಡೂಕಾಲು ಗಂಟೆ ಸಾಕು' ಎನ್ನುವವರು ಇದ್ದಾರೆ. ಅಷ್ಟು ಬೇಗ ಮುಟ್ಟುವುದಿಲ್ಲ.

ಮೊದಲು ದೂರ ನೋಡಿ. ಫೋನಿನಲ್ಲಿ ಗೂಗಲ್ ಮ್ಯಾಪ್ ತೆರೆದು ಬಜ್ಪೆ ವಿಮಾನ ನಿಲ್ದಾಣದ ಪಕ್ಕ ಬೆರಳು ಒತ್ತಿ ಹಿಡಿಯಿರಿ. ಪಿನ್ ಬೀಳುತ್ತದೆ. ಕೆಳಗೆ ದೂರ ಅಳೆಯುವ ಆಯ್ಕೆ ಒತ್ತಿ, ಮ್ಯಾಪನ್ನು ದುಬೈವರೆಗೆ ಸರಿಸಿ. ಸುಮಾರು 2,460 ಕಿ.ಮೀ. ಬರುತ್ತದೆ. ಇದು ನೇರ ಗೆರೆ. ವಿಮಾನ ತನಗೆ ಕೊಟ್ಟ ದಾರಿಯಲ್ಲೇ ಹೋಗಬೇಕು, ಹಾಗಾಗಿ ಹಾರುವುದು ಇದಕ್ಕಿಂತ ಸ್ವಲ್ಪ ಜಾಸ್ತಿ.

ಈಗ ಹೊತ್ತು. ಬೋಯಿಂಗ್ 737ನಂಥ ಜೆಟ್ ಮೇಲೇರಿದ ಮೇಲೆ ಗಂಟೆಗೆ ಸುಮಾರು 840 ಕಿ.ಮೀ. ಹೋಗುತ್ತದೆ. ಭಾಗಿಸಿದರೆ ಮೂರು ಗಂಟೆಯ ಹತ್ತಿರ. ಅಲ್ಲಿಗೇ ನಿಲ್ಲಿಸಬೇಡಿ. ಟಿಕೆಟ್‌ನಲ್ಲಿರುವ ಹೊತ್ತು ವಿಮಾನ ನಿಂತ ಜಾಗದಿಂದ ಅಲುಗಿದಾಗ ಶುರುವಾಗಿ, ಆ ಕಡೆ ಹೋಗಿ ನಿಂತಾಗ ಮುಗಿಯುತ್ತದೆ. ರನ್‌ವೇಗೆ ಹೋಗುವುದು, ಮೇಲೇರುವುದು, ನಿಧಾನವಾಗಿ ಇಳಿಯುವುದು, ಎಲ್ಲ ಸೇರಿ ಅರ್ಧದಿಂದ ಮುಕ್ಕಾಲು ಗಂಟೆ ಕೂಡಿಸಿ. ಆಗ ಮೂರೂವರೆ, ಮೂರೂಮುಕ್ಕಾಲು ಗಂಟೆ. ಹತ್ತಿರದ ಊರಿಗೆ ಈ ಕೂಡಿಸುವ ಭಾಗವೇ ದೊಡ್ಡದು: ಮಂಗಳೂರು–ಬೆಂಗಳೂರು ನೇರ ದೂರ ಬರೀ 300 ಕಿ.ಮೀ. ಆಸುಪಾಸು, ಭಾಗಿಸಿದರೆ ಇಪ್ಪತ್ತೆರಡು ನಿಮಿಷವೂ ಆಗದು, ಆದರೆ ಟಿಕೆಟ್‌ನಲ್ಲಿ ಒಂದು ಗಂಟೆ ಇರುತ್ತದೆ.

ಗಾಳಿಯನ್ನೂ ಮರೆಯಬೇಡಿ. ಚಳಿಗಾಲದಲ್ಲಿ ಅರಬ್ ನಾಡುಗಳ ಮೇಲೆ, ವಿಮಾನ ಹಾರುವ ಎತ್ತರದಲ್ಲಿ, ಪಶ್ಚಿಮದಿಂದ ಪೂರ್ವಕ್ಕೆ ಜೋರು ಗಾಳಿ ಬೀಸುತ್ತದೆ. ಅದಕ್ಕೇ ಹೋಗುವಾಗ ಹೊತ್ತು ಹಿಡಿಯುತ್ತದೆ, ಊರಿಗೆ ಬರುವಾಗ ಬೇಗ.

ಇನ್ನು ಎಲ್ಲರೂ ಎಡವುವ ಜಾಗ, ಗಡಿಯಾರ. ಟಿಕೆಟ್‌ನಲ್ಲಿ ಹೊರಡುವ ಹೊತ್ತು ಇಲ್ಲಿನದು, ಮುಟ್ಟುವ ಹೊತ್ತು ಅಲ್ಲಿನದು. ಯುಎಇ ಮತ್ತು ಒಮಾನ್ ನಮಗಿಂತ ಒಂದೂವರೆ ಗಂಟೆ ಹಿಂದೆ. ಸೌದಿ, ಕತಾರ್, ಕುವೈತ್, ಬಹ್ರೇನ್ ಎರಡೂವರೆ ಗಂಟೆ ಹಿಂದೆ. ಹೋಗುವಾಗ ಟಿಕೆಟ್‌ನ ಅಂತರಕ್ಕೆ ಇದನ್ನು ಕೂಡಿಸಿ, ಬರುವಾಗ ಕಳೆಯಿರಿ. ಹತ್ತಕ್ಕೆ ಹೊರಟು ಹನ್ನೆರಡೂಕಾಲಿಗೆ ದುಬೈ ಅಂದರೆ ಮೂರೂಮುಕ್ಕಾಲು ಗಂಟೆ ಪಯಣ. ಅಲ್ಲಿಂದ ಮಧ್ಯಾಹ್ನ ಒಂದಕ್ಕೆ ಹೊರಟು ಇಲ್ಲಿ ಸಂಜೆ ಆರಕ್ಕೆ ಇಳಿದರೆ, ಐದು ಗಂಟೆಯಲ್ಲ, ಮೂರೂವರೆ.

ತಾರೀಕನ್ನು ಎರಡು ಸಲ ಓದಿ. 15ನೇ ತಾರೀಕು 00:40 ಅಂತ ಇದ್ದರೆ 14ರ ಸಂಜೆಯೇ ಮನೆಯಿಂದ ಹೊರಡಬೇಕು. ನಿಲ್ದಾಣದಲ್ಲಿ ಮೂರು ಗಂಟೆ ಮೊದಲೇ ಇರಬೇಕು, ಅದರ ಮೇಲೆ ಹೈವೇ 66ರ ದಾರಿ ಬೇರೆ. ಹೊಸದುರ್ಗ, ನೀಲೇಶ್ವರದವರು ಮಟ್ಟನ್ನೂರಿನ ಕಣ್ಣೂರು ನಿಲ್ದಾಣವನ್ನೂ ನೋಡಿ, 2018ರ ಡಿಸೆಂಬರ್‌ನಲ್ಲಿ ಶುರುವಾದದ್ದು. ಟಿಕೆಟ್‌ಗೆ ದುಡ್ಡು ಕೊಡುವ ಮೊದಲೇ ಎರಡೂ ಕಡೆಯ ರಸ್ತೆ ಹೊತ್ತನ್ನು ಹೋಲಿಸಿ ನೋಡಿ.