ಆಲ್ಬಮ್ಮಿಗೆ ಅಂಟಿದ್ದ ಟಿ-206 ಕಾರ್ಡುಗಳನ್ನು ನೀರಿನಲ್ಲಿ ಬಿಡಿಸಿಕೊಂಡ ನನ್ನ ಅನುಭವ

ಟಿ-206 ಎಂದರೆ ಶತಮಾನದ ಹಿಂದೆ ಅಮೆರಿಕದಲ್ಲಿ ಸಿಗರೇಟು, ತಂಬಾಕಿನ ಪೊಟ್ಟಣಗಳೊಡನೆ ಬರುತ್ತಿದ್ದ ಬೇಸ್‌ಬಾಲ್ ಆಟಗಾರರ ಚಿತ್ರದ ಕಾರ್ಡುಗಳು. ಹಿಂಬದಿಗೆ ಆಲ್ಬಮ್ಮಿನ ಕಾಗದ ಕಚ್ಚಿಕೊಂಡು ಯಾರಿಗೂ ಬೇಡವಾದ ಅಂಥ ಕಾರ್ಡುಗಳನ್ನು ಅಗ್ಗಕ್ಕೆ ಕೊಂಡು, ಬರಿಯ ನೀರಿನಲ್ಲಿ ನೆನೆಸಿ ಬಿಡಿಸಿ, 1908ರ ಸೆಪ್ಟೆಂಬರ್ 23ರ ನ್ಯೂಯಾರ್ಕ್–ಷಿಕಾಗೊ ಪಂದ್ಯದ ಆಟಗಾರರನ್ನು ಒಂದೆಡೆ ಸೇರಿಸುತ್ತೇನೆಂದು ನಾನು ಹೇಳಿದಾಗ, ನ್ಯೂಜೆರ್ಸಿಯ ನಮ್ಮ ಸಂಗ್ರಾಹಕರ ಬಳಗದಲ್ಲಿ ಅದನ್ನು ನಂಬಿದವರಿರಲಿಲ್ಲ. ನೆನೆಸುವ ವಿದ್ಯೆ ನನ್ನದಲ್ಲ, ಹಳೆಯ ಸಂಗ್ರಾಹಕರೆಲ್ಲರಿಗೂ ಅದು ಗೊತ್ತು; ಒಂದೆರಡು ಕಾರ್ಡಿಗೆ ಸರಿ, ಒಂದು ಇಡೀ ಸಂಗ್ರಹವನ್ನು ಅದರ ಮೇಲೆ ಕಟ್ಟಲಾಗದು ಎಂಬುದೇ ಅವರ ವಾದವಾಗಿತ್ತು. ಈಗ ಆ ಪಂದ್ಯದಲ್ಲಿ ಆಡಿದವರಲ್ಲಿ ಮುಕ್ಕಾಲು ಪಾಲು ಮಂದಿ ನನ್ನ ಪೆಟ್ಟಿಗೆಯಲ್ಲಿದ್ದಾರೆ, ಗದರಿದ್ದ ಹಿರಿಯರೊಬ್ಬರು ತಮ್ಮ ಕಾರ್ಡುಗಳನ್ನೇ ನನ್ನ ಬಳಿ ತಂದುಕೊಟ್ಟಿದ್ದಾರೆ.

ಆ ಪಂದ್ಯವನ್ನೇ ಆರಿಸಿದ್ದಕ್ಕೆ ಕಾರಣವಿದೆ. ಟಿ-206ರಲ್ಲಿ ಅತಿ ಅಪರೂಪವಾದ ವ್ಯಾಗ್ನರ್, ಪ್ಲ್ಯಾಂಕ್ ಎಂಬ ಆಟಗಾರರ ಕಾರ್ಡುಗಳು ನಮ್ಮಂಥವರ ಕೈಗೆಟುಕುವುದಿಲ್ಲ. 2022ರಲ್ಲಿ ಒಂದು ವ್ಯಾಗ್ನರ್ 72.5 ಲಕ್ಷ ಡಾಲರಿಗೆ ಹೋಯಿತು. ತಾರೆಗಳ ಬೆನ್ನು ಹತ್ತದೆ ಒಂದು ಘಟನೆಯ ಬೆನ್ನು ಹತ್ತಿದರೆ ಖರ್ಚು ಹಿಡಿತದಲ್ಲಿರುತ್ತದೆ, ಪ್ರತಿ ಕಾರ್ಡಿನ ಹಿಂದೆಯೂ ಒಬ್ಬನ ಆಟದ ಬದುಕು ಎದ್ದು ನಿಲ್ಲುತ್ತದೆ. ಅಂದು ಬೆನ್ನುನೋವೆಂದು ನ್ಯೂಯಾರ್ಕಿನ ಫ್ರೆಡ್ ಟೆನಿ ಆಡಲಿಲ್ಲ. ಅವನ ಬದಲು ಹತ್ತೊಂಬತ್ತರ ಹುಡುಗ ಫ್ರೆಡ್ ಮರ್ಕ್ಲ್ ಮೊದಲ ಬೇಸು ಕಾಯಲು ಬಂದ. ಒಂಬತ್ತನೆಯ, ಅಂದರೆ ಕೊನೆಯ ಇನಿಂಗ್ಸ್, 1-1 ಸಮ, ಬ್ಯಾಟು ನ್ಯೂಯಾರ್ಕಿನ ಕೈಯಲ್ಲಿ, ಇಬ್ಬರು ಔಟು, ಮೂರನೆಯ ಬೇಸಿನಲ್ಲಿ ಮಕಾರ್ಮಿಕ್, ಮೊದಲನೆಯದರಲ್ಲಿ ಮರ್ಕ್ಲ್. ಆಲ್ ಬ್ರಿಡ್ವೆಲ್ ಹೊಡೆದ ಚೆಂಡು ಮಧ್ಯಮೈದಾನಕ್ಕೆ ಹೋಯಿತು, ಮಕಾರ್ಮಿಕ್ ಹೋಮ್ ಬೇಸು ಸೇರಿ ಗೆಲುವಿನ ಓಟ ಪೂರೈಸಿದ, ಜನ ಮೈದಾನಕ್ಕೆ ನುಗ್ಗಿದರು, ಮರ್ಕ್ಲ್ ಎರಡನೆಯ ಬೇಸನ್ನು ಮುಟ್ಟದೆ ಕ್ಲಬ್‌ಹೌಸಿನತ್ತ ಓಡಿದ. ಮೊದಲ ಬೇಸಿನವನು ಎರಡನೆಯದನ್ನು ಮುಟ್ಟಲೇಬೇಕು; ಅವನಿಗಿಂತ ಮೊದಲು ಚೆಂಡು ಅಲ್ಲಿಗೆ ಬಂದರೆ ಅವನು ಔಟು, ಅದು ಮೂರನೆಯ ಔಟಾದ್ದರಿಂದ ಮಕಾರ್ಮಿಕ್‌ನ ಓಟವೂ ಲೆಕ್ಕಕ್ಕಿಲ್ಲ. ಷಿಕಾಗೊದ ಜಾನಿ ಎವರ್ಸ್ ಚೆಂಡು ತರಿಸಿಕೊಂಡು ಬೇಸಿನ ಮೇಲೆ ನಿಂತ, ಅಂಪೈರ್ ಹ್ಯಾಂಕ್ ಓಡೇ ಮರ್ಕ್ಲ್ ಔಟೆಂದ. ಪಂದ್ಯ ಡ್ರಾ ಆಯಿತು. ಅಕ್ಟೋಬರ್ 8ರ ಮರುಪಂದ್ಯದಲ್ಲಿ ಷಿಕಾಗೊ ಗೆದ್ದು, ಒಂದೇ ಪಂದ್ಯದ ಅಂತರದಲ್ಲಿ ಲೀಗನ್ನೂ ಗೆದ್ದುಕೊಂಡಿತು. ಬ್ರಿಡ್ವೆಲ್‌ನ ಗೆಲುವಿನ ಹೊಡೆತ ಲೆಕ್ಕದಿಂದಲೇ ಅಳಿಸಿಹೋಯಿತು.

ಟಿ-206 ಅಚ್ಚಾದದ್ದು 1909ರಿಂದ 1911ರವರೆಗೆ, ಅಂದರೆ ಈ ಪಂದ್ಯದ ನಂತರ. ಆದ್ದರಿಂದ ಕಾರ್ಡುಗಳಲ್ಲಿ ಕಾಣುವುದು ಆ ದಿನದ ತಂಡಗಳಲ್ಲ, ಅವರು ಚದುರಿಹೋದ ಬಗೆ. ಅಂದು ನ್ಯೂಯಾರ್ಕಿನ ಕ್ಯಾಚರ್ (ಬ್ಯಾಟುಗಾರನ ಹಿಂದೆ ನಿಂತು ಚೆಂಡು ಹಿಡಿಯುವವನು) ಆಗಿದ್ದ ಬ್ರೆಸ್ನಹಾನ್ ಸೇಂಟ್ ಲೂಯಿಸ್ ಅಂಗಿಯಲ್ಲಿದ್ದಾನೆ. ಮೂರನೆಯ ಬೇಸಿನ ಬಳಿ ನಿಂತು, ಎವರ್ಸ್‌ಗೆ ಸಿಗದಂತೆ ಚೆಂಡನ್ನು ಪ್ರೇಕ್ಷಕರತ್ತ ಎಸೆದನೆಂದು ಹೇಳಲಾಗುವ ನ್ಯೂಯಾರ್ಕಿನ ಮಗಿನಿಟಿ, ಪಿಚರ್ (ಚೆಂಡೆಸೆಯುವವನು) ಆಗಿ 1904ರಲ್ಲಿ 35 ಪಂದ್ಯ ಗೆದ್ದವನು, ನ್ಯೂವರ್ಕಿನ ಕೆಳಹಂತದ ತಂಡದಲ್ಲಿದ್ದಾನೆ. ಅದೇ ತಂಡದ ಹರ್ಜಾಗ್ ಎರಡು ಕಾರ್ಡುಗಳಲ್ಲಿ ಎರಡು ಊರುಗಳವನು. 1908ರಲ್ಲಿ .334 ಸರಾಸರಿಯಲ್ಲಿ ಹೊಡೆದಿದ್ದ ಮೈಕ್ ಡಾನ್ಲಿನ್ ನಟಿಯಾದ ಹೆಂಡತಿಯೊಡನೆ ರಂಗದ ಮೇಲೆ ಹೋಗಿ ಮುಂದಿನ ಎರಡು ವರ್ಷ ಆಡಲೇ ಇಲ್ಲ; ಷಿಕಾಗೊದ ಕ್ಯಾಚರ್ ಜಾನಿ ಕ್ಲಿಂಗ್ 1909ರ ಪೂರ್ತಿ ಬಿಲಿಯರ್ಡ್ಸ್ ಆಡುತ್ತ ಕಳೆದ. ಇಬ್ಬರ ಕಾರ್ಡೂ ಉಂಟು. ಮರ್ಕ್ಲ್ ವಿಷಯದಲ್ಲಿ ನನಗೆ ಪಕ್ಷಪಾತವಿದೆ: ಒಂದು ಓಟಕ್ಕಾಗಿ ಜನ್ಮವಿಡೀ ಮೂದಲಿಕೆ ಕೇಳಿದರೂ ಅವನು ಹದಿನಾರು ಋತು ಆಡಿದ, ಲೀಗ್ ಗೆದ್ದ ತಂಡಗಳು ಸೆಣಸುವ ವಿಶ್ವ ಸರಣಿಯನ್ನು ಐದು ಸಲ ಮುಟ್ಟಿದ, ಐದರಲ್ಲೂ ಅವನ ತಂಡವೇ ಸೋತಿತು.

ಇನ್ನು ಕೆಲಸದ ಮಾತು. ಬಟ್ಟಿ ಇಳಿಸಿದ ನೀರು, ಕೋಣೆಯ ಬಿಸಿ, ಅಗಲವಾದ ತಟ್ಟೆ. ಇಷ್ಟು ಸಂಗ್ರಾಹಕರಿಗೆಲ್ಲ ತಿಳಿದದ್ದೇ. ಈ ಕಾರ್ಡುಗಳ ಕಲ್ಲಚ್ಚಿನ (ಲಿಥೋಗ್ರಫಿ) ಬಣ್ಣ ನೀರಿಗೆ ಹೆದರುವುದಿಲ್ಲ, ಆದರೆ ಹಿಂದಿನ ಒಡೆಯನು ಶಾಯಿಯಲ್ಲಿ ಹೆಸರು ಬರೆದಿದ್ದರೆ ಅದು ಹರಡುತ್ತದೆ. ಸೀಸದಕಡ್ಡಿಯ ಬರಹ ಹಾಗೆಯೇ ಉಳಿಯುತ್ತದೆ. ಅಂಟು ಹಿಟ್ಟಿನದಾದರೆ ಕೆಲವು ಗಂಟೆಗಳಲ್ಲಿ ಕಾರ್ಡು ತಾನಾಗಿ ಜಾರುತ್ತದೆ, ಜಾರುವವರೆಗೆ ಉಗುರು ಹಾಕಬಾರದು. ಸೆಲೋಟೇಪು, ರಬ್ಬರ್ ಅಂಟುಗಳಿಗೆ ನೀರು ಏನೂ ಮಾಡದು. ನನ್ನ ನಷ್ಟದ ಬಹುಪಾಲು ಅಲ್ಲಿಯೇ: ಹಿಟ್ಟಿನ ಅಂಟೆಂದು ಮಾರಿದ ಒಂದು ಗಂಟು ತುಂಬ ರಬ್ಬರ್ ಅಂಟಿತ್ತು, ಸುಮಾರು ಇನ್ನೂರೈವತ್ತು ಡಾಲರು ಹೋಯಿತು, ಅದರಲ್ಲಿ ಷಿಕಾಗೊದ ಶುಲ್ಟ್‌ನ ಕಾರ್ಡೊಂದೇ ಪಾರಾಯಿತು. ಆನಂತರ ಮಾರುವವರಿಂದ ಅಂಟಿನ ಅಂಚಿನ ಹತ್ತಿರದ ಚಿತ್ರ ತರಿಸದೆ ಹಣ ಕೊಟ್ಟಿಲ್ಲ. ಹಿಟ್ಟು ಒಡೆದ ಬಿಳಿ ಪುಡಿಯಾಗಿ ಕಾಣುತ್ತದೆ, ರಬ್ಬರ್ ಕಂದು ಗಾಜಿನಂತೆ ಹೊಳೆಯುತ್ತದೆ.

ಕಾರ್ಡನ್ನು ಕೊಲ್ಲುವುದು ನೀರಲ್ಲ, ಒಣಗಿಸುವಿಕೆ. ಹೀರುಕಾಗದದ ನಡುವೆ ಇಟ್ಟು ಭಾರ ಹೇರಿದರೂ ಮೊದಲ ಕಾರ್ಡುಗಳು ಮೂಲೆಯಲ್ಲಿ ಸೆಟೆದವು, ಎರಡರ ಪದರ ಬಿಟ್ಟಿತು. ಮೊದಲ ದಿನ ಕಾಗದವನ್ನು ಆಗಾಗ ಬದಲಿಸುವುದು, ಭಾರವನ್ನು ಒಮ್ಮೆಲೇ ಹೇರದೆ ಹಂತಹಂತವಾಗಿ ಹೆಚ್ಚಿಸುವುದು, ವಾರವಾದರೂ ತೆಗೆಯದಿರುವುದು, ಇವು ಫಲ ಕೊಟ್ಟವು. ಹೀರುಕಾಗದಕ್ಕೂ ಕಾರ್ಡಿಗೂ ನಡುವೆ ನಾನು ಇನ್ನೊಂದು ಪದರ ಇಡುತ್ತೇನೆ. ಅದು ಯಾವುದೆಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ, ಆ ಹಿರಿಯರಿಗೂ ಹೇಳಿಲ್ಲ.

ಹುಮ್ಮಸ್ಸಿನಲ್ಲಿ ಬೇರೆ ಕಾರ್ಡುಗಳನ್ನೂ ನೆನೆಸಿ ನೋಡಿದೆ. ಇನ್ನೊಂದು ತಂಬಾಕು ಕಾರ್ಡು ಸರಣಿಯಾದ 1911ರ ಟಿ-205ರ ಚಿನ್ನದ ಅಂಚು ಮೊದಲೇ ಸುಲಿಯುವ ಜಾತಿ; ತಟ್ಟೆಯ ತಳದಲ್ಲಿ ಹೊಳೆಯುವ ಚೂರುಗಳು ಕಂಡ ಕೂಡಲೇ ಆ ಪ್ರಯೋಗ ನಿಲ್ಲಿಸಿದೆ. ಗೌಡಿ ಕಂಪನಿಯ 1933ರ ಕಾರ್ಡು ದಪ್ಪ. ನೀರು ಕುಡಿದು ಉಬ್ಬುತ್ತದೆ, ಒಣಗಲು ಎರಡರಷ್ಟು ಕಾಲ ಬೇಕು, ಆದರೂ ಅಗ್ಗದ ಮೂರು-ನಾಲ್ಕು ಚೆನ್ನಾಗಿಯೇ ಬಂದವು. ಐವತ್ತರ ದಶಕದ ಟಾಪ್ಸ್ ಕಂಪನಿಯ ಹೊಳಪಿನ ಕಾರ್ಡುಗಳ ತಂಟೆಗೆ ಹೋಗಬೇಡಿ ಎಂದಷ್ಟೇ ಹೇಳುತ್ತೇನೆ.

ಲೆಕ್ಕ ನೆನಪಿನಿಂದ ಬರೆಯುತ್ತಿದ್ದೇನೆ. ಕಾಗದ ಅಂಟಿದ ಸಾಮಾನ್ಯ ಆಟಗಾರ ಹದಿನೈದರಿಂದ ಇಪ್ಪತ್ತೈದು ಡಾಲರಿಗೆ ಸಿಗುತ್ತಿದ್ದ, ಬಿಡಿಸಿದ ಮೇಲೆ ಅವನೇ ಐವತ್ತರ ಆಸುಪಾಸಿಗೆ ಹೋಗುತ್ತಾನೆ. ಮರ್ಕ್ಲ್ ಅರವತ್ತರ ಮೇಲೆ ಬಿದ್ದ, ಷಿಕಾಗೊದ ಎವರ್ಸ್ ಮತ್ತು ಟಿಂಕರ್ ಇನ್ನೂ ತುಸು ಹೆಚ್ಚು. ಖರ್ಚನ್ನು ತೂಗಿಸಿದ್ದು ಹಿಂಬದಿಯ ಜೂಜು: ಕಾರ್ಡಿನ ಹಿಂದೆ ಬೇರೆ ಬೇರೆ ತಂಬಾಕಿನ ಜಾಹೀರಾತುಗಳಿರುತ್ತವೆ, ಅಪರೂಪದ್ದಕ್ಕೆ ಬೆಲೆ ಹೆಚ್ಚು. ಕಾಗದದಡಿ ಯಾವ ತಂಬಾಕಿನ ಜಾಹೀರಾತಿದೆಯೆಂದು ಮಾರುವವನಿಗೂ ತಿಳಿಯದು. ಹೆಚ್ಚಿನವು ಪೀಡ್ಮಾಂಟ್ ಅಥವಾ ಸ್ವೀಟ್ ಕ್ಯಾಪೊರಲ್, ಆದರೆ ಒಮ್ಮೆ ಹಾಫ್‌ಮನ್‌ನ ಬೆನ್ನಿನಿಂದ ಪೋಲಾರ್ ಬೇರ್‌ನ ಕಡುನೀಲಿ ಮೇಲೆದ್ದಿತು, ಇನ್ನೊಮ್ಮೆ ಸಿಕ್ಕ ಅಪರೂಪದ ಹಿಂಬದಿಯನ್ನು ಮಾರಿ ರಬ್ಬರ್ ಅಂಟಿನ ನಷ್ಟವನ್ನು ತುಂಬಿಕೊಂಡೆ. ಯಾವ ಚಿತ್ರ ಯಾವ ಕಂತಿನಲ್ಲಿ ಅಚ್ಚಾಯಿತೆಂದು ಬಲ್ಲವರು ಹಿಂಬದಿಯನ್ನು ಅರ್ಧ ಊಹಿಸಬಹುದು. ಉಳಿದರ್ಧ ಊಹಿಸುವ ನನ್ನ ದಾರಿಯನ್ನು ಸಂಗ್ರಹ ಮುಗಿದ ಮೇಲೆ ಬರೆಯುವೆ. ಮಾರುವಾಗ ನೆನೆಸಿದ್ದೆಂದು ಚೀಟಿಯಲ್ಲಿ ಬರೆದೇ ಕೊಟ್ಟಿದ್ದೇನೆ. ಬರಿಯ ನೀರನ್ನು ಹೆಚ್ಚಿನ ಸಂಗ್ರಾಹಕರು ಒಪ್ಪುತ್ತಾರೆ, ಬ್ಲೀಚು ಮುಂತಾದವನ್ನು ಒಪ್ಪುವುದಿಲ್ಲ, ಒಪ್ಪಬಾರದು ಕೂಡ.

ಇನ್ನೂ ಸಿಗಬೇಕಾದವರಲ್ಲಿ ದೊಡ್ಡವನು ಆ ದಿನ ನ್ಯೂಯಾರ್ಕಿನ ಪಿಚರ್ ಆಗಿದ್ದ ಕ್ರಿಸ್ಟಿ ಮ್ಯಾಥ್ಯೂಸನ್. ಆ ಋತುವಿನಲ್ಲಿ 37 ಪಂದ್ಯ ಗೆದ್ದವನು, 1936ರಲ್ಲಿ ಬೇಸ್‌ಬಾಲ್ ದಿಗ್ಗಜರ ಗೌರವಮಂದಿರವಾದ ಹಾಲ್ ಆಫ್ ಫೇಮಿಗೆ ಆಯ್ಕೆಯಾದ ಮೊದಲ ಐವರಲ್ಲಿ ಒಬ್ಬ. ಅವನ ಮೂರು ಚಿತ್ರಗಳಲ್ಲಿ ಯಾವುದಾದರೂ ಸರಿ, ಬೆನ್ನು ತುಂಬ ಕಾಗದವಿದ್ದರೂ ಸರಿ. ಐನೂರು ಡಾಲರಿನೊಳಗೆ ಇನ್ನೂ ಸಿಕ್ಕಿಲ್ಲ. ಕಳೆದ ಸಲ ಸಿಕ್ಕೇಬಿಟ್ಟನೆಂದುಕೊಂಡಾಗ ಅಳತೆಪಟ್ಟಿ ಇಟ್ಟು ನೋಡಿದರೆ ಒಂದು ಅಂಚನ್ನು ಯಾರೋ ಕತ್ತರಿಸಿದ್ದರು, ಹಿಂದಿರುಗಿಸಿದೆ.