ಫ್ಲ್ಯಾಶಿಗೊಂದು ಕಿತ್ತಳೆ ಹಾಳೆ

ಹಳದಿ ಬಲ್ಬು ಉರಿಯುವ ಕೋಣೆಯಲ್ಲಿ ಫ್ಲ್ಯಾಶ್ ಹಾಕಿ ಫೋಟೊ ತೆಗೆದಿದ್ದೀರಾ? ಮುಖ ಚೆನ್ನಾಗಿಯೇ ಬಂದಿರುತ್ತದೆ, ಹಿಂದಿನ ಗೋಡೆ ಮಾತ್ರ ಕಿತ್ತಳೆ. ಎಡಿಟ್ ಮಾಡಿ ಗೋಡೆ ಸರಿಪಡಿಸಲು ಹೋದರೆ ಮುಖ ನೀಲಿಯಾಗುತ್ತದೆ. ಇಂಥ ಫೋಟೊಗಳ ಜೊತೆ ನಾನು ರಾತ್ರಿಗಟ್ಟಲೆ ಗುದ್ದಾಡಿದ್ದೇನೆ. ತಪ್ಪು ಎಡಿಟಿಂಗ್‌ನದಲ್ಲ, ಫೋಟೊ ತೆಗೆಯುವಾಗಲೇ ಆಗಿರುವಂಥದ್ದು.

ಫ್ಲ್ಯಾಶಿನ ಬೆಳಕು ಹಗಲಿನ ಬೆಳಕಿನಂತೆ, ಸುಮಾರು 5500 ಕೆಲ್ವಿನ್. ಕೆಲ್ವಿನ್ ಅಂದರೆ ಬೆಳಕಿನ ಬಣ್ಣದ ಅಳತೆ, ಅಂಕಿ ಇಳಿದಷ್ಟೂ ಬೆಳಕು ಕಿತ್ತಳೆ. ತಂತಿ ಉರಿಯುವ ಹಳೇ ಬಲ್ಬಿನದು 2700ರಿಂದ 3000. ಕ್ಯಾಮೆರಾದ ವೈಟ್ ಬ್ಯಾಲೆನ್ಸ್ ಒಂದು ಸಲಕ್ಕೆ ಒಂದೇ ಬೆಳಕನ್ನು ಬಿಳಿ ಎಂದು ಒಪ್ಪುತ್ತದೆ. ಕೋಣೆಯ ಬಲ್ಬುಗಳನ್ನೆಲ್ಲ ಬದಲಿಸಲು ಆಗುವುದಿಲ್ಲ, ಅಲ್ವಾ? ಹಾಗಾಗಿ ಫ್ಲ್ಯಾಶನ್ನೇ ಬಲ್ಬಿನ ಬಣ್ಣಕ್ಕೆ ತರಬೇಕು. ಅದಕ್ಕೆ ಬೇಕಾದದ್ದು ಸಿಟಿಒ ಎಂಬ ಕಿತ್ತಳೆ ಬಣ್ಣದ ತೆಳು ಪ್ಲಾಸ್ಟಿಕ್ ಹಾಳೆ, ಅಂದರೆ ಜೆಲ್.

ಮೊದಲು ಫ್ಲ್ಯಾಶ್ ಆಫ್ ಮಾಡಿ. ವೈಟ್ ಬ್ಯಾಲೆನ್ಸನ್ನು ಹಗಲು ಬೆಳಕಿಗೆ ಇಟ್ಟು ಕೋಣೆಯ ಒಂದು ಫೋಟೊ ತೆಗೆಯಿರಿ. ದಟ್ಟ ಕಿತ್ತಳೆ ಕಂಡರೆ ಫುಲ್ ಸಿಟಿಒ, ಅಂದರೆ ದಟ್ಟ ಬಣ್ಣದ ಜೆಲ್ ಬೇಕು, ಅದು ಫ್ಲ್ಯಾಶನ್ನು ಸುಮಾರು 2900 ಕೆಲ್ವಿನ್‌ಗೆ ಇಳಿಸುತ್ತದೆ. ಅಷ್ಟು ದಟ್ಟವಾಗಿಲ್ಲ ಅನಿಸಿದರೆ ತಿಳಿ ಬಣ್ಣದ ಹಾಫ್ ಸಾಕು, ಅದು 3800ರ ಆಸುಪಾಸಿಗೆ ತರುತ್ತದೆ. ಹಸಿರು ಛಾಯೆ ಕಂಡರೆ ಅದು ಟ್ಯೂಬ್‌ಲೈಟಿನ ಕೆಲಸ. ಅಲ್ಲಿಗೆ ಪ್ಲಸ್ ಗ್ರೀನ್ ಎಂಬ ಹಸಿರು ಜೆಲ್ ಬೇಕು.

ಈಗ ಜೆಲ್ಲನ್ನು ಫ್ಲ್ಯಾಶಿನ ಮುಖದ ಮೇಲೆ ಟೇಪಿನಿಂದ ಅಂಟಿಸಿ. ಇಲ್ಲಿ ಸ್ವಲ್ಪ ತಾಳ್ಮೆ ಬೇಕು. ಒಂದು ಬದಿಯಲ್ಲಿ ಬೆರಳಗಲ ಜಾಗ ಬಿಟ್ಟರೂ ಅಲ್ಲಿಂದ ಬಿಳಿ ಬೆಳಕು ನುಸುಳಿ, ಪಟ್ಟ ಶ್ರಮವೆಲ್ಲ ಅರ್ಧಂಬರ್ಧ ಆಗುತ್ತದೆ. ನಾಲ್ಕೂ ಬದಿ ಮುಚ್ಚುವಷ್ಟು ದೊಡ್ಡದಾಗಿ ಕತ್ತರಿಸಿ. ಫುಲ್ ಪವರಿನಲ್ಲಿ ಪಟಪಟ ಹೊಡೆಯುತ್ತಾ ಹೋದರೆ ಬಿಸಿಗೆ ಜೆಲ್ ಸುರುಟಿಕೊಳ್ಳುತ್ತದೆ, ನಡುನಡುವೆ ಬಿಡುವು ಕೊಡಿ.

ಮುಂದಿನ ಹೆಜ್ಜೆಯನ್ನೇ ಬಹಳ ಜನ ಮರೆಯುವುದು. ಕ್ಯಾಮೆರಾವನ್ನು ಟಂಗ್‌ಸ್ಟನ್, ಅಂದರೆ ಹಳದಿ ಬಲ್ಬಿನ ವೈಟ್ ಬ್ಯಾಲೆನ್ಸಿಗೆ ತನ್ನಿ, ಇಲ್ಲವೇ ಕೆಲ್ವಿನ್‌ನಲ್ಲಿ 3000 ಇಡಿ. ಸುಮ್ನೆ ಜೆಲ್ ಹಾಕಿ ಕ್ಯಾಮೆರಾವನ್ನು ಹಗಲಿಗೇ ಬಿಟ್ಟರೆ ಮುಖವೂ ಗೋಡೆಯ ಹಾಗೆ ಕಿತ್ತಳೆಯಾಗುತ್ತದೆ. ಆಟೊ ಕೂಡ ಬೇಡ, ಫೋಟೊದಿಂದ ಫೋಟೊಗೆ ಬಣ್ಣ ಬದಲಾಗುತ್ತಿರುತ್ತದೆ.

ಇನ್ನು ಎಕ್ಸ್‌ಪೋಶರ್. ಫುಲ್ ಸಿಟಿಒ ಸುಮಾರು ಮುಕ್ಕಾಲು ಸ್ಟಾಪ್ ಬೆಳಕು ತಿನ್ನುತ್ತದೆ (ಒಂದು ಸ್ಟಾಪ್ ಕಡಿಮೆ ಅಂದರೆ ಬೆಳಕು ಅರ್ಧಕ್ಕಿಳಿದ ಹಾಗೆ). ಫ್ಲ್ಯಾಶಿನ ಬೆಳಕನ್ನು ತಾನೇ ಅಳೆದು ಹೊಂದಿಸುವ ಟಿಟಿಎಲ್ ಇದ್ದರೆ ಕ್ಯಾಮೆರಾವೇ ನೋಡಿಕೊಳ್ಳುತ್ತದೆ, ಮ್ಯಾನುಯಲ್ ಆದರೆ ಪವರ್ ಅಷ್ಟು ಏರಿಸಿ. ಶಟರನ್ನು 1/60 ಸೆಕೆಂಡಿನ ಹತ್ತಿರ ಇಟ್ಟು, ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆಯಾದ ಐಎಸ್‌ಒ ಸ್ವಲ್ಪ ಏರಿಸಿದರೆ ಹಿಂದಿನ ಕೋಣೆಯ ಬೆಳಕೂ ಫೋಟೊಗೆ ಬರುತ್ತದೆ. ಹಿಂಬದಿ ಕತ್ತಲಾಗಿಬಿಟ್ಟರೆ ಜೆಲ್ ಹಾಕಿದ್ದೇ ವ್ಯರ್ಥ.

ಒಂದು ಫೋಟೊ ತೆಗೆದು, ಮುಖದ ಕೆನ್ನೆಯನ್ನೂ ಹಿಂದಿನ ಗೋಡೆಯನ್ನೂ ಪರದೆಯಲ್ಲಿ ದೊಡ್ಡದು ಮಾಡಿ ನೋಡಿ. ಕೆನ್ನೆ ಇನ್ನೂ ತಣ್ಣಗೆ, ನೀಲಿಯಾಗಿ ಕಂಡರೆ ಹಾಫ್ ತೆಗೆದು ಫುಲ್ ಹಾಕಿ. ಕೆನ್ನೆ ಗೋಡೆಗಿಂತ ಕೆಂಪಗೆ ಕಂಡರೆ ಫುಲ್ ಬದಲು ಹಾಫ್.

ಕಿಟಕಿಯಾಚೆ ಮುಸ್ಸಂಜೆ ಇದ್ದರೆ ಅದು ಕಡುನೀಲಿಯಾಗಿ ಬರುತ್ತದೆ. ಅದನ್ನು ಸರಿಪಡಿಸಲು ಹೋಗಬೇಡಿ. ಈ ಕೆಲಸದಲ್ಲಿ ನನಗೆ ಜಾಸ್ತಿ ಇಷ್ಟವಾಗುವುದು ಆ ನೀಲಿಯೇ.