ಇಬ್ಬನಿ ಆರುವುದರೊಳಗೆ

ಹತ್ತಿರದಿಂದ ಹುಳುಹುಪ್ಪಟೆಗಳ ಫೋಟೋ ತೆಗೆಯಲು ವಸಂತವೇ ಸರಿ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ನನಗೆ ಭೂಮಿ ಹುಣ್ಣಿಮೆ ಕಳೆದ ಮೇಲಿನ ಮಲೆನಾಡೇ ಬೇಕು. ಮಳೆ ಕಡಿಮೆಯಾಗಿರುತ್ತದೆ, ಗದ್ದೆಯಲ್ಲಿ ತೆನೆ ಬಂದಿರುತ್ತದೆ, ಬೆಳಿಗ್ಗೆ ಬದುವಿನ ಹುಲ್ಲಿನ ತುಂಬ ಇಬ್ಬನಿ. ಬೇಸಿಗೆಯಲ್ಲಿ ಕ್ಯಾಮೆರಾ ಎತ್ತುವಷ್ಟರಲ್ಲಿ ಹಾರಿಹೋಗುವ ಏರೋಪ್ಲೇನ್ ಚಿಟ್ಟೆ ಈಗ ಚಳಿಗೆ ಮರಗಟ್ಟಿ ಕೂತಿರುತ್ತದೆ. ಬಿಸಿಲು ಬಿದ್ದು ಮೈ ಕಾಯುವ ತನಕ ಅದಕ್ಕೆ ಹಾರಲು ಆಗುವುದಿಲ್ಲ. ಅದಕ್ಕೇ ಬೆಳಕು ಹರಿಯುವಷ್ಟರಲ್ಲಿ ನಾನು ಗದ್ದೆಯಲ್ಲಿರುತ್ತೇನೆ. ಬದುವಿನ ಮೇಲೆ ಮಂಡಿಯೂರಿ ಕೂತಿದ್ದರೆ, ದಾರಿಯಲ್ಲಿ ಹೋಗುವವರು 'ಏನು ಕಳ್ಕೊಂಡ್ರಿ ಮಾರಾಯ್ರೆ?' ಅಂತ ಕೇಳುತ್ತಾರೆ.

ನನ್ನದು 100 ಎಂಎಂ ಮ್ಯಾಕ್ರೋ ಲೆನ್ಸ್. ಹುಳದ ಅಸಲಿ ಅಳತೆಯಲ್ಲೇ, ಅಂದರೆ 1:1ರಲ್ಲಿ ತೆಗೆಯುವಾಗ, ಲೆನ್ಸಿನ ಕಿಂಡಿಯನ್ನು ಎಫ್ 11ರಷ್ಟು ಕಿರಿದು ಮಾಡಿಟ್ಟರೂ ಚೂಪಾಗಿ ಕಾಣುವ ಆಳ ಒಂದೂವರೆ ಮಿಲಿಮೀಟರ್ ಕೂಡ ಇರುವುದಿಲ್ಲ. ಕಣ್ಣು ಸರಿಯಾದರೆ ಬಾಲ ಮಸುಕು. ಹಾಗಾಗಿ ಕ್ಯಾಮೆರಾವನ್ನು ಏರೋಪ್ಲೇನ್ ಚಿಟ್ಟೆಯ ಬೆನ್ನಿಗೆ ನೇರ ಎದುರಾಗಿಸಿ ಇಡುತ್ತೇನೆ. ಹರಡಿದ ರೆಕ್ಕೆ, ಮೈ ಎಲ್ಲ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ಸಿಗುತ್ತವೆ. ಟ್ರೈಪಾಡ್, ಎರಡು ಸೆಕೆಂಡಿನ ಟೈಮರ್, ಫೋಕಸ್ ಕೈಯಲ್ಲೇ. ಗಾಳಿಗೆ ಛತ್ರಿ ಅಡ್ಡ ಹಿಡಿಯುತ್ತೇನೆ. ಮಲೆನಾಡಿನವರ ಹತ್ತಿರ ಛತ್ರಿ ಹೇಗೂ ಇದ್ದೇ ಇರುತ್ತದಲ್ವಾ!

ಜಾಸ್ತಿ ಹೊತ್ತು ಹಿಡಿಯುವುದು ಹನಿಗಳು. ಹುಲ್ಲಿನ ತುದಿಯ ಹನಿಯೊಳಗೆ ಹಿಂದಿನ ತೆನೆಗಳೆಲ್ಲ ತಲೆಕೆಳಗಾಗಿ ಕಾಣುತ್ತವೆ. ಹನಿಯ ಅಂಚಿಗೆ ಫೋಕಸ್ ಮಾಡಿದರೆ ಒಳಗಿನ ತೆನೆ ಮಸುಕಾಗುತ್ತದೆ. ಯಾಕೆಂದರೆ ಆ ಬಿಂಬ ಮೂಡುವುದು ಹನಿಗಿಂತ ತುಸು ಮುಂದೆ, ನಮ್ಮ ಕಡೆಗೆ. ಅದು ಬೇಕಿದ್ದರೆ ಕ್ಯಾಮೆರಾವನ್ನು ಕೂದಲೆಳೆಯಷ್ಟು ಹಿಂದಕ್ಕೆ ಸರಿಸಬೇಕು. ಎರಡೂ ಬೇಕೆಂದರೆ ಫೋಕಸ್ ಬದಲಿಸುತ್ತ ಹಲವು ಫೋಟೋ ತೆಗೆದು ಕಂಪ್ಯೂಟರಿನಲ್ಲಿ ಜೋಡಿಸಬೇಕು. ಸ್ಪ್ರೇ ಬಾಟಲಿಯಿಂದ ನೀರು ಚಿಮುಕಿಸಿ ಇಬ್ಬನಿ ಮಾಡುವವರೂ ಇದ್ದಾರೆ. ನನಗಂತೂ ಅದು ಸೇರುವುದಿಲ್ಲ. ಆ ಹನಿಗಳು ಎಲ್ಲೆಂದರಲ್ಲಿ ಒಟ್ಟೊಟ್ಟಾಗಿ ಕೂರುತ್ತವೆ, ನೋಡಿದರೇ ತಿಳಿಯುತ್ತದೆ. ಹುಳವನ್ನು ಫ್ರಿಜ್ಜಿನಲ್ಲಿಟ್ಟು ತಂದು ಕೂರಿಸುವುದಂತೂ ಬೇಡವೇ ಬೇಡ.

ಬೇಲಿ ಸಾಲಿನಲ್ಲಿ ಸಿಗ್ನೇಚರ್ ಜೇಡ ಸಿಗುತ್ತದೆ. ಕಾಲುಗಳನ್ನು ಎರಡೆರಡು ಜೋಡಿಸಿ ಗುಣಿಸು ಗುರುತಿನ ಹಾಗೆ ಚಾಚಿ, ಬಲೆಯ ನಡುವೆ ತಲೆಕೆಳಗಾಗಿ ಕೂತಿರುತ್ತದೆ. ಸುತ್ತ ಅಂಕುಡೊಂಕು ಬಿಳಿ ನೂಲಿನ ಪಟ್ಟಿ. ಬಲೆಗೆ ತಾಗಿದರೆ ಇಡೀ ಬಲೆಯನ್ನೇ ಗಡಗಡ ಅಲುಗಾಡಿಸುತ್ತದೆ, ಇಲ್ಲವೇ ಕೆಳಗೆ ಬಿದ್ದು ಮಾಯವಾಗುತ್ತದೆ. ಟ್ರೈಪಾಡಿನ ಕಾಲು ಊರುವಾಗಲೇ ಇದು ಗಮನದಲ್ಲಿರಬೇಕು. ಒಂದೇ ಒಂದು ಹುಲ್ಲು ಬಲೆಗೆ ಕೊಂಡಿಯಾಗಿದ್ದರೂ ಸಾಕು.

ಕೊಯ್ಲು ಶುರುವಾದರೆ ಬದುವಿನ ಹುಲ್ಲೂ ದನದ ಪಾಲಾಗುತ್ತದೆ. ಆಮೇಲೆ ನನ್ನ ಠಿಕಾಣಿ ಅಡಿಕೆ ತೋಟ, ಮರದ ಬುಡದ ಪಾಚಿ. ಅಲ್ಲಿ ಬೆಳಕು ಸಾಲದು, ಫ್ಲ್ಯಾಶ್ ಬೇಕೇ ಬೇಕು. ಅದರ ಮುಂದೆ ಬಿಳಿ ಐಸ್‌ಕ್ರೀಮ್ ಡಬ್ಬಿಯ ಮುಚ್ಚಳ ಕಟ್ಟಿಕೊಂಡರೆ ಬೆಳಕು ಮೆತ್ತಗಾಗುತ್ತದೆ, ಅಂಗಡಿಯಿಂದ ಬೇರೆ ಡಿಫ್ಯೂಸರ್ ತರಬೇಕಾಗಿಲ್ಲ.